ಅಫಿಲಿಯೇಟರ ವರ್ಗೀಕರಣ: ಕಮಿಷನ್ ವ್ಯಾಪಾರದ ಒಂದು ಸಮಸ್ಯೆಯ ವಿವೇಚನೆ

ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಇಬ್ಬರನ್ನೂ ಕೂಡಿಸಿ, ಕುದುರಿದ ವ್ಯಾಪಾರದಲ್ಲಿ ಒಂದು ಪಾಲನ್ನು ಪಡೆಯುವ ಮಧ್ಯಸ್ಥನು ವಾಣಿಜ್ಯದ ಇತಿಹಾಸದಲ್ಲಿ ಹೊಸಬನಲ್ಲ. ಮದರಾಸಿನ ಕಂಪೆನಿ ವ್ಯಾಪಾರದಲ್ಲಿ ದುಭಾಷಿಗಳು ಈ ಕೆಲಸವನ್ನು ನಿರ್ವಹಿಸಿದರು. ನಮ್ಮ ಸಂತೆ ಮಂಡಿಗಳಲ್ಲಿ ದಲ್ಲಾಳಿಗಳು ಇದನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. 1809ರಲ್ಲಿ ಬ್ರಿಟಿಷ್ ಸೇನೆಯು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಗೊಂಡ ತರುವಾಯ ಹಲಸೂರಿನ ಸುತ್ತ ಬೆಳೆದ ದಂಡು ಪ್ರದೇಶದ ಬಜಾರುಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಂಬ ಹಲವು ಭಾಷೆಗಳ ಜನರು ಕಲೆತರು. 1947ರ ಜುಲೈ 26ರಂದು ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡುಗಳ ಪುರಸಭೆಗಳು ಒಂದಾದುವು. ಆಡಳಿತವು ಒಂದಾದರೂ, ಶಿವಾಜಿನಗರದಲ್ಲಾಗಲಿ ಹಲಸೂರಿನಲ್ಲಾಗಲಿ ನಂಬಿಕಸ್ಥನ ಪರಿಚಯದ ಮಾತಿಗೆ ಇರುವ ಬೆಲೆ ಕಡಿಮೆಯಾಗಲಿಲ್ಲ.

ಇದೇ ಪರಿಚಯದ ಮಾತು ಇಂದು ಅಂತರ್ಜಾಲದಲ್ಲಿ ಅಫಿಲಿಯೇಟ್ ಮಾರ್ಕೆಟಿಂಗ್ ಎಂಬ ಹೆಸರಿನಿಂದ ನಡೆಯುತ್ತಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಬಿಡುವಿನ ವೇಳೆಯಲ್ಲಿ ಈ ಕೆಲಸವನ್ನು ಕೈಕೊಂಡು ಕೈಖರ್ಚಿನ ಹಣವನ್ನು ಗಳಿಸುತ್ತಿದ್ದಾರೆ. ಆದಕಾರಣ ಇದರ ಸ್ವರೂಪವನ್ನೂ, ವಿಶೇಷವಾಗಿ ಇಂಥ ಕೆಲಸಗಾರರನ್ನು ಗುಂಪುಗಳಾಗಿ ವಿಂಗಡಿಸುವ ಕ್ರಮವನ್ನೂ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯವು ವಾಣಿಜ್ಯಶಾಸ್ತ್ರಕ್ಕೆ ಸೇರಿದ್ದಾದರೂ, ಜನರನ್ನು ವರ್ಗಗಳಾಗಿ ವಿಂಗಡಿಸುವುದರಿಂದ ಉಂಟಾಗುವ ಫಲಗಳನ್ನು ಪರಿಶೀಲಿಸುವುದು ಇತಿಹಾಸದ ಅಭ್ಯಾಸಿಗಳಾದ ನಮಗೆ ಹೊರತಾದ ಕಾರ್ಯವಲ್ಲವೆಂದು ಭಾವಿಸುತ್ತೇವೆ.

ಮೊದಲು ಇದರ ಕಾರ್ಯಕ್ರಮವನ್ನು ತಿಳಿಯೋಣ. ಅಂಗಡಿಯವನು ಪ್ರತಿಯೊಬ್ಬ ಅಫಿಲಿಯೇಟನಿಗೂ ಪ್ರತ್ಯೇಕ ಗುರುತುಳ್ಳ ಒಂದು ಲಿಂಕನ್ನು ಕೊಡುತ್ತಾನೆ. ಅಫಿಲಿಯೇಟನು ಅದನ್ನು ತನ್ನ ಬರಹದಲ್ಲೋ, ವಿಡಿಯೋದಲ್ಲೋ, ವಾಟ್ಸಾಪ್ ಗುಂಪಿನಲ್ಲೋ ಹಂಚುತ್ತಾನೆ. ಆ ಲಿಂಕನ್ನು ಒತ್ತಿದ ಗಿರಾಕಿಯ ಯಂತ್ರದಲ್ಲಿ ಕುಕಿ ಎಂಬ ಚಿಕ್ಕ ಗುರುತೊಂದು ಉಳಿಯುತ್ತದೆ. ಗೊತ್ತಾದ ಅವಧಿಯೊಳಗೆ ಗಿರಾಕಿಯು ಸರಕನ್ನು ಕೊಂಡಲ್ಲಿ, ಆ ಗುರುತಿನ ಆಧಾರದಿಂದ ಅಫಿಲಿಯೇಟನ ಲೆಕ್ಕಕ್ಕೆ ಕಮಿಷನ್ ಜಮೆಯಾಗುತ್ತದೆ. ಅಮೆರಿಕದ ಅಮೆಜಾನ್ ಸಂಸ್ಥೆಯು 1996ರಲ್ಲಿ ಆರಂಭಿಸಿದ ಯೋಜನೆಯಿಂದ ಈ ಪದ್ಧತಿಯು ವಿಶೇಷವಾಗಿ ಪ್ರಚಾರಕ್ಕೆ ಬಂದಿತು. 2007ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಫ್ಲಿಪ್‌ಕಾರ್ಟ್ ಸಂಸ್ಥೆಯೂ ಇಂಥ ಯೋಜನೆಯನ್ನು ನಡೆಸಿ, ಸರಕಿನ ಬಗೆಗೆ ತಕ್ಕಂತೆ ಬೇರೆ ಬೇರೆ ದರದ ಕಮಿಷನ್ ನೀಡಿತು.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಗಿರಾಕಿಯು ಒಂದಕ್ಕಿಂತ ಹೆಚ್ಚು ಲಿಂಕುಗಳನ್ನು ಒತ್ತಿದ್ದರೆ, ಸಾಮಾನ್ಯವಾಗಿ ಕಡೆಯದಾಗಿ ಒತ್ತಿದ ಲಿಂಕಿನವನಿಗೆ ಪೂರ್ಣ ಕಮಿಷನ್ ಸಲ್ಲುತ್ತದೆ. ಮೊದಲು ಸರಕಿನ ಪರಿಚಯ ಮಾಡಿಕೊಟ್ಟವನಿಗೆ ಏನೂ ದೊರೆಯುವುದಿಲ್ಲ. ಮುಂದಿನ ವಿವೇಚನೆಗೆಲ್ಲ ಈ ನಿಯಮವೇ ಮೂಲವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಅಫಿಲಿಯೇಟರು ಹತ್ತು ಮಂದಿ ಇದ್ದಾಗ ಅಂಗಡಿಯವನು ಒಬ್ಬೊಬ್ಬರನ್ನೂ ಅರಿತಿರಬಲ್ಲನು. ನೂರಾರು ಮಂದಿ ಆದಾಗ ಅದು ಅಸಾಧ್ಯ. ಎಲ್ಲರಿಗೂ ಒಂದೇ ದರ, ಒಂದೇ ಪತ್ರ, ಒಂದೇ ಸೂಚನೆ ಎಂದರೆ ಅದು ಯಾರಿಗೂ ಸರಿಹೊಂದುವುದಿಲ್ಲ. ಅಂತೆಯೇ ಗುಂಪುಗಳನ್ನು ಮಾಡುವುದು ಅನಿವಾರ್ಯವಾಗುತ್ತದೆ. ಯಾವ ಆಧಾರದ ಮೇಲೆ ಗುಂಪು ಮಾಡಬೇಕೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ಸುಲಭವಾಗಿ ಹೊಳೆಯುವ ಆಧಾರವೆಂದರೆ ಮಾರಾಟದ ಮೊತ್ತ. ಹೆಚ್ಚು ಮಾರಿಸಿದವರು ಮೊದಲನೆಯ ವರ್ಗ, ಸಾಧಾರಣವಾಗಿ ಮಾರಿಸಿದವರು ಎರಡನೆಯದು, ಉಳಿದವರು ಮೂರನೆಯದು. ಲೆಕ್ಕದ ಪುಸ್ತಕದಲ್ಲಿ ಮೊತ್ತವು ಕಣ್ಣಿಗೆ ಕಾಣುವುದರಿಂದ ಈ ಕ್ರಮವು ರೂಢಿಯಲ್ಲಿದೆ. ಇದರ ಗುಣದೋಷಗಳನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಬಟ್ಟೆ ಅಂಗಡಿ ಇದೆಯೆಂದೂ, ಅದು ಅಂತರ್ಜಾಲದಲ್ಲಿಯೂ ವ್ಯಾಪಾರ ಮಾಡುತ್ತಿದೆಯೆಂದೂ, ಅದಕ್ಕೆ 40 ಮಂದಿ ಅಫಿಲಿಯೇಟರು ಇರುವರೆಂದೂ ಭಾವಿಸೋಣ. ಇವರಲ್ಲಿ 4 ಮಂದಿ ರಿಯಾಯಿತಿ ಕೂಪನ್ನುಗಳನ್ನು ಪಟ್ಟಿಮಾಡಿ ಪ್ರಕಟಿಸುವವರು. 12 ಮಂದಿ ಬಟ್ಟೆಯ ಗುಣ, ನೇಯ್ಗೆ, ಬಣ್ಣಗಳನ್ನು ಕುರಿತು ಬರೆಯುವವರು ಅಥವಾ ವಿಡಿಯೋ ಮಾಡುವವರು. ಇಂದಿರಾನಗರದ ಒಬ್ಬ ಲೇಖಕಿ, ಹಲಸೂರಿನಿಂದ ತಮಿಳಿನಲ್ಲಿಯೂ ಕನ್ನಡದಲ್ಲಿಯೂ ವಿಡಿಯೋ ಮಾಡುವ ಒಬ್ಬ ವಿದ್ಯಾರ್ಥಿ ಈ ಪೈಕಿಯವರು. ಉಳಿದ 24 ಮಂದಿ ಚಿಕ್ಕವರು: ಶಿವಾಜಿನಗರದ ಒಬ್ಬ ದರ್ಜಿ, ಕೆ. ಆರ್. ಪುರದಲ್ಲಿ ನೆರೆಹೊರೆಯವರ ವಾಟ್ಸಾಪ್ ಗುಂಪು ನಡೆಸುವ ಒಬ್ಬ ಗೃಹಿಣಿ, ಇಂಥವರು.

ಒಂದು ತಿಂಗಳಲ್ಲಿ ಇವರೆಲ್ಲರ ಮೂಲಕ 4,00,000 ರೂಪಾಯಿ ವ್ಯಾಪಾರವಾಯಿತೆನ್ನೋಣ. ಕೂಪನ್ನಿನವರ ಲೆಕ್ಕದಲ್ಲಿ 300 ಆರ್ಡರುಗಳಿಂದ 2,40,000 ರೂಪಾಯಿ. ಲೇಖಕರ ಲೆಕ್ಕದಲ್ಲಿ 150 ಆರ್ಡರುಗಳಿಂದ 1,40,000 ರೂಪಾಯಿ. ಚಿಕ್ಕವರ ಲೆಕ್ಕದಲ್ಲಿ 25 ಆರ್ಡರುಗಳಿಂದ 20,000 ರೂಪಾಯಿ. ಎಲ್ಲರಿಗೂ ಶೇಕಡ 6ರ ದರದಲ್ಲಿ ಕಮಿಷನ್ ಕೊಟ್ಟರೆ ಅನುಕ್ರಮವಾಗಿ 14,400, 8,400 ಮತ್ತು 1,200 ರೂಪಾಯಿ, ಒಟ್ಟು 24,000 ರೂಪಾಯಿ ಆಗುತ್ತದೆ. ಮೊತ್ತವನ್ನೇ ಆಧಾರವಾಗಿ ಹಿಡಿದರೆ ಕೂಪನ್ನಿನ ನಾಲ್ವರು ಪ್ರಥಮ ವರ್ಗದವರಾಗುತ್ತಾರೆ. ದರ್ಜಿಯೂ ಗೃಹಿಣಿಯೂ ಕಡೆಯ ವರ್ಗಕ್ಕೆ ಸೇರಿ, ಕೆಲವು ತಿಂಗಳ ಮೇಲೆ ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ.

ಈಗ ಅದೇ ಲೆಕ್ಕವನ್ನು ಬೇರೊಂದು ಪ್ರಶ್ನೆಯಿಂದ ಪರಿಶೀಲಿಸೋಣ: ಈ ಆರ್ಡರುಗಳಲ್ಲಿ ಅಂಗಡಿಗೆ ಹೊಸದಾಗಿ ಬಂದ ಗಿರಾಕಿಗಳೆಷ್ಟು? ಕೂಪನ್ನಿನವರ 300ರಲ್ಲಿ 60, ಲೇಖಕರ 150ರಲ್ಲಿ 120, ಚಿಕ್ಕವರ 25ರಲ್ಲಿ 20 ಎಂದು ತಿಳಿದುಬಂದರೆ, ಒಬ್ಬ ಹೊಸ ಗಿರಾಕಿಗಾಗಿ ಅಂಗಡಿಯು ತೆತ್ತ ಹಣ ಕೂಪನ್ನಿನವರ ವಿಷಯದಲ್ಲಿ 240 ರೂಪಾಯಿ, ಲೇಖಕರ ವಿಷಯದಲ್ಲಿ 70, ಚಿಕ್ಕವರ ವಿಷಯದಲ್ಲಿ 60. ಮೊದಲ ವರ್ಗದವರೆಂದು ಕಂಡವರು ಬಹುಮಟ್ಟಿಗೆ ಅಂಗಡಿಯ ಹೊಸ್ತಿಲನ್ನು ಆಗಲೇ ದಾಟಿದ್ದ ಗಿರಾಕಿಗೆ ಕಡೆಯ ಕ್ಷಣದಲ್ಲಿ ಚೀಟಿ ಕೊಟ್ಟವರು. ಶಿವಾಜಿನಗರದ ದರ್ಜಿಯು ಒಂದು ಸೀರೆಯನ್ನು ಹೊಗಳಿ ಲಿಂಕನ್ನು ಕಳುಹಿಸಿದ್ದರೂ, ಆಕೆ ಕೊಳ್ಳುವ ಮುನ್ನ ಕೂಪನ್ ಹುಡುಕಿ ಇನ್ನೊಂದು ಲಿಂಕನ್ನು ಒತ್ತಿದಲ್ಲಿ, ದರ್ಜಿಯ ಲೆಕ್ಕದಲ್ಲಿ ಸೊನ್ನೆಯೇ ಉಳಿಯುತ್ತದೆ. ಅವನು ಸೋಮಾರಿಯೆಂದು ಪುಸ್ತಕವು ಹೇಳುತ್ತದೆ; ಅದು ನಿಜವಲ್ಲ.

ಮೊತ್ತದ ವರ್ಗೀಕರಣವು ಅನ್ಯಾಯವನ್ನು ಮಾತ್ರವಲ್ಲದೆ ವಂಚನೆಯನ್ನೂ ಮರೆಮಾಡಬಲ್ಲದು. ಅಮೆರಿಕದ ಇಬೇ ಸಂಸ್ಥೆಯು 2008ರಲ್ಲಿ ತನ್ನ ಅಫಿಲಿಯೇಟರ ಪೈಕಿ ಅಗ್ರಸ್ಥಾನದಲ್ಲಿದ್ದವರ ಮೇಲೆಯೇ ದಾವೆ ಹೂಡಬೇಕಾಯಿತು. ಲಿಂಕನ್ನು ಒತ್ತದೆ ಇದ್ದ ಜನರ ಯಂತ್ರಗಳಲ್ಲಿಯೂ ಅವರಿಗೆ ತಿಳಿಯದಂತೆ ಕುಕಿಗಳನ್ನು ಇರಿಸಿ, ತಾವು ಕರೆತರದ ಗಿರಾಕಿಗಳಿಗೆ ಕಮಿಷನ್ ಪಡೆದರೆಂಬುದು ಆರೋಪ. ಕ್ರಿಮಿನಲ್ ಮೊಕದ್ದಮೆಯಲ್ಲಿ ಇಬ್ಬರು ತಪ್ಪೊಪ್ಪಿಕೊಂಡು 2014ರಲ್ಲಿ ಕಾರಾಗೃಹ ಶಿಕ್ಷೆಗೆ ಗುರಿಯಾದರು. ಅತ್ಯುತ್ತಮರೆಂದು ಗೌರವಿಸಲ್ಪಟ್ಟ ಗುಂಪಿನಲ್ಲಿಯೇ ವಂಚಕರು ಇದ್ದರೆಂಬುದು ನಮಗೆ ಒಂದು ಪಾಠ.

ಹಾಗಾದರೆ ಉತ್ತಮವಾದ ಆಧಾರ ಯಾವುದು? ನಮ್ಮ ಅಭಿಪ್ರಾಯದಲ್ಲಿ ಮೊದಲ ವಿಂಗಡಣೆಯು ಕೆಲಸದ ಬಗೆಯನ್ನು ಅನುಸರಿಸಬೇಕು. ಮೊತ್ತವು ಆಮೇಲೆ ಬರತಕ್ಕದ್ದು. ಇದಕ್ಕೆ ನಮ್ಮ ನಾಡಿನಲ್ಲಿಯೇ ಮೇಲ್ಪಂಕ್ತಿ ಉಂಟು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯು ವರ್ತಕ, ಕಮಿಷನ್ ಏಜೆಂಟ್, ದಲ್ಲಾಳಿ, ತೂಕದವನು ಮೊದಲಾದವರನ್ನು ಬೇರೆ ಬೇರೆಯಾಗಿ ಗುರುತಿಸಿತು. ಯಾರು ಎಷ್ಟು ಮೂಟೆ ಸಾಗಿಸಿದರೆಂಬುದಕ್ಕಿಂತ ಯಾರು ಯಾವ ಕೆಲಸವನ್ನು ಮಾಡುತ್ತಾರೆಂಬುದು ಅಲ್ಲಿ ಮುಖ್ಯವಾಯಿತು. ತೂಕದವನ ಕೂಲಿಯನ್ನೂ ದಲ್ಲಾಳಿಯ ಪಾಲನ್ನೂ ಒಂದೇ ಅಳತೆಯಿಂದ ಅಳೆಯಲಾಗದೆಂಬುದು ಮಂಡಿಯ ಅನುಭವ.

ಈ ಕ್ರಮದಲ್ಲಿ ನಮ್ಮ ಬಟ್ಟೆ ಅಂಗಡಿಯು, ಕೂಪನ್ನಿನವರಿಗೆ ಹೊಸ ಗಿರಾಕಿಯ ಆರ್ಡರಿಗೆ ಶೇಕಡ 6, ಹಳೆಯ ಗಿರಾಕಿಯದಕ್ಕೆ ಶೇಕಡ 3. ಲೇಖಕರಿಗೆ ಹೊಸಬರ ಆರ್ಡರಿಗೆ ಶೇಕಡ 9, ಹಳಬರದಕ್ಕೆ ಶೇಕಡ 6. ಚಿಕ್ಕವರಿಗೆ ಮೊದಲಿನಂತೆ ಶೇಕಡ 6 ಎಂದು ಗೊತ್ತುಮಾಡಲಿ. ಗುಂಪಿನೊಳಗೆ ಆರ್ಡರುಗಳೆಲ್ಲ ಸಮಬೆಲೆಯವೆಂದು ಎಣಿಸಿದರೆ, ಕೂಪನ್ನಿನವರಿಗೆ 8,640, ಲೇಖಕರಿಗೆ 11,760, ಚಿಕ್ಕವರಿಗೆ 1,200, ಒಟ್ಟು 21,600 ರೂಪಾಯಿ ಸಲ್ಲುತ್ತದೆ. ಹಿಂದಿನ ವೆಚ್ಚಕ್ಕಿಂತ 2,400 ರೂಪಾಯಿ ಉಳಿಯಿತು. ಈ ಹಣದಲ್ಲಿ 24 ಮಂದಿ ಚಿಕ್ಕವರಿಗೆ ತಲಾ 100 ರೂಪಾಯಿ ಬೆಲೆಯ ಬಟ್ಟೆಯ ಮಾದರಿಯನ್ನು ಕಳುಹಿಸಬಹುದು. ದರ್ಜಿಯ ಕೈಯಲ್ಲಿ ಮಾದರಿ ಇದ್ದರೆ ಅವನ ಮಾತಿಗೆ ಬಲ ಬರುತ್ತದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಎರಡನೆಯ ಆಧಾರ ಕಾಲ. ಈಚೆಗೆ ಸೇರಿದವರು, ಸತತವಾಗಿ ದುಡಿಯುತ್ತಿರುವವರು, ಹಿಂದೆ ದುಡಿದು ಈಗ ಸುಮ್ಮನಾದವರು ಎಂಬ ಮೂರು ಸ್ಥಿತಿಗಳನ್ನು ಬೇರ್ಪಡಿಸಬೇಕು. ಹೊಸಬನಿಗೆ ಬೇಕಾದುದು ಮಾರ್ಗದರ್ಶನ. ಸುಮ್ಮನಾದವನಿಗೆ ಬೇಕಾದುದು ಕಾರಣವನ್ನು ವಿಚಾರಿಸುವ ಒಂದು ಪತ್ರ. 1956ರ ಸೆಪ್ಟೆಂಬರ್ 1ರಂದು ಸ್ಥಾಪಿತವಾದ ಭಾರತೀಯ ಜೀವ ವಿಮಾ ನಿಗಮವು ತನ್ನ ಏಜೆಂಟರನ್ನು ಶಾಖಾ ಮ್ಯಾನೇಜರರ ಕ್ಲಬ್ಬಿನಿಂದ ಅಧ್ಯಕ್ಷರ ಕ್ಲಬ್ಬಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸುವುದನ್ನು ಅನೇಕ ವಾಚಕರು ಬಲ್ಲರು. ವಿಮೆಯ ವ್ಯವಹಾರದಲ್ಲಿ ಏಜೆಂಟನಿಗೆ ಮೊದಲ ವರ್ಷದ ಕಮಿಷನ್ ಅಲ್ಲದೆ, ಪಾಲಿಸಿದಾರನು ಮುಂದೆ ಕಂತು ಕಟ್ಟಿದಂತೆಲ್ಲ ನವೀಕರಣದ ಕಮಿಷನ್ ಸಹ ದೊರೆಯುತ್ತದೆ. ಗಿರಾಕಿಯನ್ನು ತಂದುದಷ್ಟೇ ಅಲ್ಲದೆ ಅವನು ಉಳಿದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ನೀತಿಯನ್ನು ಅಂತರ್ಜಾಲದ ಅಂಗಡಿಗಳು ಕಲಿಯಬೇಕಾಗಿದೆ. ಸರಕು ಹಿಂದಿರುಗಿ ಬಂದರೆ ಆ ಮಾರಾಟವನ್ನು ಕಳೆದು ಎಣಿಸುವುದೂ ಇದೇ ನೀತಿಯ ಇನ್ನೊಂದು ಮುಖ.

ಮೂರನೆಯ ಆಧಾರ ಭಾಷೆ. ಇದು ಕಮಿಷನ್ನಿಗಲ್ಲ, ಪತ್ರವ್ಯವಹಾರಕ್ಕೆ ಸಂಬಂಧಪಟ್ಟದ್ದು. ಬೆಂಗಳೂರಿನ ಪೂರ್ವಭಾಗದಲ್ಲಿ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಷ್ಟರಲ್ಲಿ ಮಾತು ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಬರುವ ಸೂಚನೆಯನ್ನು ಹಲವರು ಓದದೆಯೇ ಬಿಡುತ್ತಾರೆ. ಯುಗಾದಿ, ರಂಜಾನ್, ಪೊಂಗಲ್, ಕ್ರಿಸ್ಮಸ್‌ಗಳ ವ್ಯಾಪಾರ ಒಂದೇ ತಿಂಗಳಿನದಲ್ಲ. ಒಬ್ಬನೇ ಅಫಿಲಿಯೇಟನು ಕೆಲಸದ ಬಗೆಯಲ್ಲಿ ಒಂದು ಗುಂಪಿಗೂ ಭಾಷೆಯಲ್ಲಿ ಮತ್ತೊಂದು ಗುಂಪಿಗೂ ಸೇರುವುದರಲ್ಲಿ ವಿರೋಧವೇನೂ ಇಲ್ಲ.

ಇಷ್ಟನ್ನು ಹೇಳಿದ ಮೇಲೆ ಕೆಲವು ಎಚ್ಚರಿಕೆಗಳನ್ನು ಸೇರಿಸುವುದು ಅವಶ್ಯ. ಮೊದಲನೆಯದಾಗಿ, ಪ್ರತ್ಯೇಕವಾಗಿ ನಡೆಸಿಕೊಳ್ಳಲಾಗದ ಗುಂಪನ್ನು ಪ್ರತ್ಯೇಕವಾಗಿ ಮಾಡಬಾರದು. ದರದಲ್ಲಾಗಲಿ ಸೂಚನೆಯಲ್ಲಾಗಲಿ ವ್ಯತ್ಯಾಸವಿಲ್ಲದ ಎರಡು ಗುಂಪುಗಳು ಲೆಕ್ಕಿಗನಿಗೆ ಹೊರೆ. ಎರಡನೆಯದಾಗಿ, ತನ್ನನ್ನು ಯಾವ ಗುಂಪಿನಲ್ಲಿ ಏಕೆ ಸೇರಿಸಲಾಗಿದೆ, ಮೇಲಿನ ಗುಂಪಿಗೆ ಹೋಗಲು ಏನು ಮಾಡಬೇಕು ಎಂಬುದು ಅಫಿಲಿಯೇಟನಿಗೆ ಮುಂಚಿತವಾಗಿ ತಿಳಿದಿರಬೇಕು. ಮೂರನೆಯದಾಗಿ, ಮೂರು ಅಥವಾ ಆರು ತಿಂಗಳಿಗೊಮ್ಮೆ ಗುಂಪುಗಳನ್ನು ಪುನಃ ಪರಿಶೀಲಿಸಬೇಕು. ನಾಲ್ಕನೆಯದಾಗಿ, ಎಲ್ಲ ಗುಂಪಿನವರಿಗೂ ಸಮಾನವಾಗಿ ಅನ್ವಯಿಸತಕ್ಕ ಒಂದು ಕರ್ತವ್ಯವಿದೆ. ಪ್ರಭಾವಿಗಳೂ ಖ್ಯಾತರೂ ಸರಕನ್ನು ಶಿಫಾರಸು ಮಾಡುವಾಗ ಅದರಿಂದ ತಮಗೆ ಪ್ರತಿಫಲವಿದ್ದರೆ ಅದನ್ನು ಸರಳವೂ ಸ್ಪಷ್ಟವೂ ಆದ ಮಾತಿನಲ್ಲಿ ಪ್ರಕಟಿಸಬೇಕೆಂದು ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಕಮಿಷನ್ ಪಡೆಯುವುದು ದೋಷವಲ್ಲ. ಅದನ್ನು ಮುಚ್ಚಿಡುವುದು ದೋಷ.

ಇತಿಹಾಸದ ವಿದ್ಯಾರ್ಥಿಯು ಜನಗಣತಿಯ ಕೋಷ್ಟಕಗಳನ್ನೂ ಕಂದಾಯದ ಪಟ್ಟಿಗಳನ್ನೂ ಓದುವಾಗ, ಈ ವಿಂಗಡಣೆಯನ್ನು ಮಾಡಿದವರು ಯಾವ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಿದ್ದರೆಂದು ಮೊದಲು ಕೇಳಿಕೊಳ್ಳುತ್ತಾನೆ. ಅಫಿಲಿಯೇಟರ ಪಟ್ಟಿಗೂ ಇದೇ ಪ್ರಶ್ನೆಯನ್ನು ಹಾಕಬೇಕು. ಯಾರ ಲೆಕ್ಕದಲ್ಲಿ ಎಷ್ಟು ಹಣವಿದೆ ಎಂದಷ್ಟೇ ಕೇಳಿದ ಅಂಗಡಿಯವನಿಗೆ ಕಡೆಯ ಬಾಗಿಲಲ್ಲಿ ನಿಂತವನು ಮಾತ್ರ ಕಾಣುತ್ತಾನೆ. ಗಿರಾಕಿಯನ್ನು ಯಾರು ಹೇಗೆ ಕರೆತಂದರೆಂದು ಕೇಳಿದವನಿಗೆ ಶಿವಾಜಿನಗರದ ದರ್ಜಿಯೂ ಕೆ. ಆರ್. ಪುರದ ಗೃಹಿಣಿಯೂ ಕಾಣುತ್ತಾರೆ. ಈ ಕೆಲಸಕ್ಕೆ ತೊಡಗಬೇಕೆಂದಿರುವ ನಮ್ಮ ವಿದ್ಯಾರ್ಥಿಗಳು, ಒಪ್ಪಂದಕ್ಕೆ ಸಮ್ಮತಿಸುವ ಮುನ್ನ, ಕಮಿಷನ್ನಿನ ದರವನ್ನು ಮಾತ್ರವಲ್ಲದೆ ತಮ್ಮನ್ನು ಯಾವ ಲೆಕ್ಕದಿಂದ ಯಾವ ಗುಂಪಿಗೆ ಸೇರಿಸುತ್ತಾರೆಂಬುದನ್ನೂ ವಿಚಾರಿಸಿ ತಿಳಿಯುವುದು ಒಳ್ಳೆಯದು.