ನಾಲ್ಕು ಸೀರೆ, ಒಂದು ಕಂಬಳಿ

ಆಂಧ್ರದ ಅಮರಾಪುರದ ಕಡೆಯಿಂದ ಹೇಮಾವತಿ ಊರಿಗೆ ಹೋಗುವವರು ಸಾಮಾನ್ಯವಾಗಿ ನೊಳಂಬರ ಗುಡಿಗಳನ್ನು ನೋಡಲು ಹೋಗುತ್ತಾರೆ. ನಾನೂ ಅದಕ್ಕೇ ಹೊರಟಿದ್ದೆ. ಆದರೆ ದಾರಿಯ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರು ತಗಡಿನ ಟ್ರಂಕು ತೆರೆದಿಟ್ಟುಕೊಂಡು ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಕುಡಿಯಲು ನೀರು ಕೇಳಿ ನಿಂತವನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

ಟ್ರಂಕಿನಲ್ಲಿದ್ದದ್ದು ಎಷ್ಟು? "ಹಬ್ಬಕ್ಕೊಂದು, ಸಂತೆಗೊಂದು, ಹೊಲಕ್ಕೊಂದು, ಮೈಮ್ಯಾಲೊಂದು. ಇನ್ನೆಷ್ಟು ಬೇಕಪ್ಪಾ?" ಅಂದರು ಅಜ್ಜಿ. ನಾಲ್ಕೇ ಸೀರೆ ಎಂದು ಮರುಗುವುದು ಸುಲಭ. ಅವರ ಮಾತು ಕೇಳುತ್ತಾ ಹೋದಂತೆ ಅದರ ಹಿಂದಿನ ಕಟ್ಟುನಿಟ್ಟು ಕಾಣತೊಡಗಿತು. ಯುಗಾದಿಗೆ ಹೊಸ ಸೀರೆ ಬಂದರೆ ಹಬ್ಬದ ಸೀರೆ ಸಂತೆಗೆ ಇಳಿಯುತ್ತದೆ, ಸಂತೆಯದು ಹೊಲಕ್ಕೆ. ಹೊಲದ್ದು ಜೂಲಾದರೆ ಕೌದಿಗೆ. ನೂಲಿನ ಸೀರೆಯಾದರೆ ಮೆತ್ತಗಾದ ಭಾಗ ಎಳೆಮಗುವಿಗೆ ಸುತ್ತಲು. ಉಳಿದ ತುಂಡು ಬಿಂದಿಗೆ ಹೊರುವ ಸಿಂಬೆ, ಪಾತ್ರೆ ಇಳಿಸುವ ಮಸಿಬಟ್ಟೆ. ವರ್ಷಕ್ಕೆ ಒಂದೇ ಸೀರೆ ಕೊಳ್ಳುವ ಮನೆಯಲ್ಲಿ ಇಷ್ಟೂ ಕೆಲಸಕ್ಕೆ ಬಟ್ಟೆ ಸಿಗುತ್ತದೆ. ಬಡತನ ಇದನ್ನು ಕಲಿಸಿತು, ನಿಜ. ಆದರೆ ಕಲಿತದ್ದು ಜಾಣತನ.

ಟ್ರಂಕಿನ ತಳದಲ್ಲಿ ಅಜ್ಜಿಯ ಗಂಡನ ಕಂಬಳಿ ಇತ್ತು. ಬೇವಿನ ಸೊಪ್ಪು ಇಟ್ಟು ಮಡಿಸಿದ ಕಪ್ಪು ಕಂಬಳಿ. ಅಂದಿನ ಉಳಿದ ಹೊತ್ತು ಆ ಕಂಬಳಿಗೇ ಹೋಯಿತು. ಈ ಲೇಖನದ ಬಹುಪಾಲೂ ಅದಕ್ಕೇ ಹೋಗುವುದು ನ್ಯಾಯ.

ದಖ್ಖನಿ ಕುರಿಯ ಉಣ್ಣೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಕಪ್ಪು, ಬಣ್ಣ ಹಾಕುವ ಖರ್ಚಿಲ್ಲ. ವರ್ಷಕ್ಕೆ ಎರಡು ಸಲ ಕತ್ತರಿಸಿ, ರಾಟೆಯಲ್ಲಿ ನೂತು, ಹಾಸುನೂಲಿಗೆ ಹುಣಸೆ ಬೀಜದ ಅಂಟು ಬಳಿದು ಬಿಗಿ ಮಾಡಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಇಲ್ಲಿಗೆ ಹತ್ತಿರದ ಚಳ್ಳಕೆರೆ ಸೀಮೆ ಇದಕ್ಕೇ ಹೆಸರಾದದ್ದು. ಉಣ್ಣೆಯಲ್ಲಿ ಉಳಿದ ಕುರಿಯ ಮೈಜಿಡ್ಡು ಮಳೆಹನಿಯನ್ನು ಜಾರಿಸುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹೀಗಾಗಿ ಒಂದೇ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ರಾತ್ರಿಗೆ ಹಾಸಿಗೆ. ಹಟ್ಟಿಯಿಂದಾಚೆ ಹುಟ್ಟಿದ ಮರಿಯನ್ನು ಹೊತ್ತು ತರಲು ಜೋಳಿಗೆ. ಮದುವೆಗೋ ದೇವರ ಕಾರ್ಯಕ್ಕೋ ಹಾಸಿದರೆ ಗದ್ದಿಗೆ. "ಅವರಿಗೆ ಎರಡು ಪಂಚೆ, ಎರಡು ಅಂಗಿ, ಇದೊಂದು. ಇದನ್ನ ಬಿಟ್ಟು ಹೊರಗೆ ಹೋದೋರಲ್ಲ" ಎಂದು ಅಜ್ಜಿ ಕಂಬಳಿಯ ಮೂಲೆ ಬಿಡಿಸಿ ತೋರಿಸಿದರು. ಅಲ್ಲಿ ಹರಿದದ್ದನ್ನು ಅದೇ ಉಣ್ಣೆಯ ನೂಲಿನಿಂದ ಹೊಲಿದಿತ್ತು. ಬೆರಳಿಟ್ಟು ಹುಡುಕದಿದ್ದರೆ ತೇಪೆ ಗೊತ್ತೇ ಆಗದು.

ಕಂಬಳಿಗೆ ಮೈಲಿಗೆಯಿಲ್ಲ ಎನ್ನುತ್ತಾರೆ. ಅದನ್ನು ಶಾಸ್ತ್ರವೆಂದು ಒಪ್ಪಲು ನನಗೆ ಮನಸ್ಸಿಲ್ಲ. ಮಳೆಯಲ್ಲಿ ದೇಶದ ಅತಿ ಬಡ ಜಿಲ್ಲೆಗಳಲ್ಲಿ ಈ ಸೀಮೆ ಸೇರಿದ್ದ ಹಳೆಯ ಅನಂತಪುರ ಒಂದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಇಂಥ ನೆಲದಲ್ಲಿ ಪದೇ ಪದೇ ಒಗೆಸಿಕೊಳ್ಳದ ಬಟ್ಟೆಗೆ ಜನ ಕೊಟ್ಟ ಮಾನ ಅದು ಎಂದೇ ನಾನು ನಂಬಿದ್ದೇನೆ.

ವಸ್ತ್ರದ ಚರಿತ್ರೆ ಬರೆಯುವವರು ಇದೇ ಸೀಮೆಯ ಲೇಪಾಕ್ಷಿಗೆ ಹೋಗಿ ವಿಜಯನಗರ ಕಾಲದ ಮೇಲ್ಛಾವಣಿಯ ಚಿತ್ರಗಳಲ್ಲಿ ಸೀರೆಯ ಅಂಚು ಎಣಿಸುತ್ತಾರೆ. ಕಡಿಮೆ ಬಟ್ಟೆಯ ಚರಿತ್ರೆ ಹೇಳಬೇಕಾದರೆ ಗಾಂಧೀಜಿಯ ಹೆಸರು ಬರುತ್ತದೆ: 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಮೊಣಕಾಲ ಮೇಲಿನ ತುಂಡು ಪಂಚೆಗೆ ಇಳಿದರು, ಅಕ್ಟೋಬರ್ 1ರಂದು ಅದೇ ಉಡುಪಿನಲ್ಲಿ ಬಳ್ಳಾರಿಗೆ ಬಂದರು. ಗಾಂಧೀಜಿಯ ನಿರ್ಧಾರ ದೊಡ್ಡದು, ಅನುಮಾನವಿಲ್ಲ. ಆದರೆ ಅವರು ಆರಿಸಿಕೊಂಡ ಉಡುಪಿನಲ್ಲಿ ಇಲ್ಲಿನ ರೈತ ಅದಾಗಲೇ ಬದುಕುತ್ತಿದ್ದ. ಅವನಂಥ ಬಡವರನ್ನು ನೋಡಿಯೇ ಅವರು ಅದನ್ನು ಉಟ್ಟದ್ದು ಎಂಬುದನ್ನು ಮರೆಯಬಾರದು.

ಇಂದು ಅದೇ ಬಳ್ಳಾರಿಯಲ್ಲಿ, ಪಕ್ಕದ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು. ಪೀಸಿಗಿಷ್ಟು ಕೂಲಿಯಂತೆ ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತಿದೆ. ಒಂದು ಜೀನ್ಸ್ ಪ್ಯಾಂಟಿಗೆ, ಹತ್ತಿ ಬೆಳೆಯುವುದರಿಂದ ಹಿಡಿದು, ಸುಮಾರು 7,500 ಲೀಟರ್ ನೀರು ಎಂಬುದು ವಿಶ್ವಸಂಸ್ಥೆ ಮುಂದಿಡುವ ಅಂದಾಜು. ಹಾಗೆಂದು ಜೀನ್ಸನ್ನು ಹಳಿಯಲಾರೆ. ಗಟ್ಟಿ ಬಟ್ಟೆ, ಎರಡು ಪ್ಯಾಂಟಿನಲ್ಲಿ ವರ್ಷಗಟ್ಟಲೆ ಕಳೆಯುವ ಹುಡುಗನಿಗೆ ಅದೂ ಕಂಬಳಿಯೇ. ತಕರಾರು ಇರುವುದು ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಎಂದು ಕೊಂಡು ಮೂಲೆಗೆ ಎಸೆಯುವುದರಲ್ಲಿ.

ಅಜ್ಜಿಯ ಸೊಸೆಯ ವಾದವೂ ಕೇಳುವಂಥದ್ದು. ಆಕೆ ಉಡುವುದು ಸಿಂಥೆಟಿಕ್ ಸೀರೆ. "ಒಂದು ಬಕೀಟು ನೀರಲ್ಲಿ ಎತ್ತಿ ಹಾಕಿದ್ರೆ ಗಳಿಗೇಲಿ ಒಣಗ್ತದೆ, ಇಸ್ತ್ರಿ ಬ್ಯಾಡ. ಬಾಳಿಕೇನೂ ಬರ್ತದೆ" ಅಂದಳು. ಕೂಲಿಗೆ ಹೋಗಿ ಬರುವ ಹೆಂಗಸಿಗೆ ಇದು ಸಣ್ಣ ಅನುಕೂಲವಲ್ಲ. ಮಕ್ಕಳ ಬಟ್ಟೆಯ ಭಾರವನ್ನು ಆಂಧ್ರ ಸರ್ಕಾರ ಸ್ವಲ್ಪ ಇಳಿಸಿದೆ: 2020ರಲ್ಲಿ ಶುರುವಾದ ವಿದ್ಯಾ ಕಾನುಕ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಮೂರು ಜೊತೆ ಸಮವಸ್ತ್ರದ ಬಟ್ಟೆ ಬಂತು. ಆದರೆ ಸೊಸೆಯ ಸೀರೆ ಹರಿದ ಮೇಲೆ ಬೆವರು ಹೀರದು, ಕೂಸಿಗೆ ಸುತ್ತಲಾಗದು, ಮಸಿಬಟ್ಟೆಯಾದರೆ ಬಿಸಿಗೆ ಕರಗುತ್ತದೆ. ಹೊಲದ ಬೇಲಿಗೆ ಕಟ್ಟುವುದೊಂದೇ ಅದಕ್ಕೆ ಉಳಿದ ಕೆಲಸ.

ಕಂಬಳಿಯ ಕಥೆ ಇನ್ನೂ ಕಷ್ಟದ್ದು. ಮಾಂಸಕ್ಕೆ ಬೆಲೆ ಬಂದು ಕುರಿಗಾರರು ಉಣ್ಣೆಯಿಲ್ಲದ ನೆಲ್ಲೂರು ತಳಿಯತ್ತ ತಿರುಗಿದ್ದಾರೆ. ಕರಿ ಉಣ್ಣೆಯ ಕುರಿ ಹೋದರೆ ಮಗ್ಗವೂ ಹೋಗುತ್ತದೆ. ನೇಕಾರನನ್ನು ಹೊಗಳಿ ಶಾಲು ಹೊದಿಸುವುದರಿಂದ ಆ ನಷ್ಟ ನಿಲ್ಲದು. ಸರ್ಕಾರದ ಹಾಸ್ಟೆಲುಗಳಿಗೆ ಹೊದಿಕೆ ಕೊಳ್ಳುವವರು ಈ ಮಗ್ಗಗಳಿಂದ ಕೊಂಡರೆ ಉಣ್ಣೆಗೆ ಗಿರಾಕಿ ಹುಟ್ಟುತ್ತಾನೆ, ಕುರಿ ಉಳಿಯುತ್ತದೆ.

ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಕೈಯಲ್ಲಿ ಹಣ ಕಡಿಮೆಯಿದ್ದಾಗ ಅಗ್ಗದ್ದು ನಾಲ್ಕು ಕೊಳ್ಳುವ ಆಸೆ ಸಹಜ. ಕೊಳ್ಳುವ ಮುಂಚೆ ಅಜ್ಜಿಯ ಲೆಕ್ಕ ಹಾಕಿ ನೋಡಿ: ಇದು ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ನೀರು ಕೇಳುತ್ತದೆ, ತೇಪೆ ತಡೆಯುತ್ತದೆಯೇ, ಹರಿದ ಮೇಲೆ ಏನಾಗುತ್ತದೆ? ಈ ನಾಲ್ಕಕ್ಕೂ ಉತ್ತರವಿರುವ ಬಟ್ಟೆ ತುಸು ದುಬಾರಿಯಾದರೂ ವರ್ಷದ ಕೊನೆಗೆ ಅದೇ ಅಗ್ಗ.