ಉತ್ತರೀಯ ಕಳಚದ ಸಂತ

ಕ್ರೈಸ್ತ ಸಂತ ಜಸ್ಟಿನ್ ಹುಟ್ಟಿದ್ದು ಸುಮಾರು ಕ್ರಿ.ಶ. 100ರಲ್ಲಿ, ಪ್ಯಾಲೆಸ್ತೀನಿನ ಇಂದಿನ ನಾಬ್ಲುಸ್‌ನಲ್ಲಿ. ಸತ್ಯ ಬೇಕೆಂದು ಗುರುಗಳ ಬಾಗಿಲು ತಟ್ಟುತ್ತ ಹೋದವನು. ಸ್ಟೋಯಿಕ್ ಪಂಥದ ಗುರುವಿಗೆ ದೇವರ ವಿಚಾರವೇ ಬೇಡವಾಗಿತ್ತು. ಅರಿಸ್ಟಾಟಲ್ ಪಂಥದವನು ಕೆಲವೇ ದಿನಗಳಲ್ಲಿ ದಕ್ಷಿಣೆಯ ಮಾತೆತ್ತಿದ. ಪೈಥಾಗೊರಸ್ ಪಂಥದವನು ಮೊದಲು ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಎಂದು ಅಟ್ಟಿದ. ಕೊನೆಗೆ ಪ್ಲೇಟೋನಲ್ಲಿ ಮನಸ್ಸು ನಿಂತಿತು ಎನ್ನುವಾಗ, ಕಡಲ ದಂಡೆಯಲ್ಲಿ ಸಿಕ್ಕ ಮುದುಕನೊಬ್ಬ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅವನನ್ನು ಕ್ರಿಸ್ತನ ಕಡೆ ತಿರುಗಿಸಿದ. ಇದೆಲ್ಲ ಅವನೇ ಬರೆದ ‘ಟ್ರೈಫೋನೊಡನೆ ಸಂವಾದ’ದಲ್ಲಿದೆ. ಕತೆ ತುಸು ಹೆಣೆದಂತೆ ಕಂಡರೂ ದಕ್ಷಿಣೆ ಕೇಳುವ ಗುರುವನ್ನು ನಂಬದಿರುವುದು ಕಷ್ಟ.

ಕ್ರೈಸ್ತನಾದ ಮೇಲೂ ಜಸ್ಟಿನ್ ತತ್ತ್ವಜ್ಞಾನಿಗಳ ಉತ್ತರೀಯ ಕಳಚಲಿಲ್ಲ. ಅದನ್ನು ಹೊದ್ದೇ ಪಾಠ ಹೇಳಿದ. ಜಗತ್ತನ್ನು ನಡೆಸುವ ದೈವೀ ವಿವೇಕವೊಂದಿದೆ ಎಂದು ಸ್ಟೋಯಿಕರು ಹೇಳುತ್ತಿದ್ದರು. ಆ ವಿವೇಕವೇ ಕ್ರಿಸ್ತ, ಅದರ ಬೀಜ ಎಲ್ಲ ಮನುಷ್ಯರಲ್ಲೂ ಬಿದ್ದಿದೆ ಎಂದ ಜಸ್ಟಿನ್. ಹಾಗಾದರೆ ಅದಕ್ಕೆ ತಕ್ಕಂತೆ ಬಾಳಿದ ಸಾಕ್ರಟೀಸ್, ಹೆರಾಕ್ಲಿಟಸ್ ಕೂಡ ಕ್ರೈಸ್ತರೇ! ಕ್ರೈಸ್ತರದು ನಿನ್ನೆ ಮೊನ್ನೆಯ ಧರ್ಮ ಎಂಬ ಹೀಯಾಳಿಕೆಗೆ ಇದಕ್ಕಿಂತ ಜಾಣ ಉತ್ತರ ಬೇರೊಂದಿರಲಿಲ್ಲ. ಸುಮಾರು 165ರಲ್ಲಿ ಜಸ್ಟಿನ್‌ಗೆ ಮರಣದಂಡನೆ ವಿಧಿಸಿದವನು ರೋಮ್ ನಗರಾಧಿಕಾರಿ ಜೂನಿಯಸ್ ರಸ್ಟಿಕಸ್. ಅವನೂ ಸ್ಟೋಯಿಕನೇ, ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ಗುರು.

ಗ್ರೀಕ್ ತತ್ತ್ವಕ್ಕೂ ಕ್ರೈಸ್ತ ನಂಬಿಕೆಗೂ ಹಾಕಿದ ಈ ಬೆಸುಗೆ ಎಲ್ಲರಿಗೂ ಹಿಡಿಸಲಿಲ್ಲ. ಅಥೆನ್ಸಿಗೂ ಜೆರುಸಲೇಮಿಗೂ ಎಲ್ಲಿಯ ನಂಟು ಎಂದು ಕಾರ್ತೇಜಿನ ಟೆರ್ಟುಲಿಯನ್ ಗದರಿದ. ಆತ್ಮಕ್ಕೂ ಒಂದು ಬಗೆಯ ದೇಹವಿದೆ ಎಂದು ವಾದಿಸುವಾಗ ಮಾತ್ರ ಅವನು ನೆಚ್ಚಿದ್ದು ಸ್ಟೋಯಿಕರನ್ನೇ.

ಅಲೆಕ್ಸಾಂಡ್ರಿಯಾದಲ್ಲಿ ಯೇಸುವಿನ ಕಾಲಕ್ಕೇ ಯೆಹೂದಿ ಪಂಡಿತ ಫಿಲೋ, ಮೋಶೆಯ ಗ್ರಂಥಗಳಲ್ಲಿ ಪ್ಲೇಟೋನ ವಿಚಾರಗಳನ್ನು ಕಂಡು ಇಂಥ ಬೆಸುಗೆಗೆ ದಾರಿ ತೆರೆದಿದ್ದ. ಯೆಹೂದ್ಯರಿಗೆ ಧರ್ಮಶಾಸ್ತ್ರ ಹೇಗೋ ಗ್ರೀಕರಿಗೆ ತತ್ತ್ವಶಾಸ್ತ್ರ ಹಾಗೆ ಎಂದು ಆಮೇಲೆ ಅಲ್ಲಿ ಕಲಿಸಿದವನು ಕ್ರೈಸ್ತ ಗುರು ಕ್ಲೆಮೆಂಟ್. ಅವನ ಗುರು, ಹಿಂದೆ ಸ್ಟೋಯಿಕನಾಗಿದ್ದ ಪಾಂಟೇನಸ್, ಭಾರತಕ್ಕೂ ಹೋಗಿದ್ದನೆಂದು ಚರಿತ್ರೆಕಾರ ಯೂಸೀಬಿಯಸ್ ಬರೆಯುತ್ತಾನೆ. ಆಗ ಅರೇಬಿಯಾದ ತೀರವನ್ನೂ ಭಾರತವೆನ್ನುವುದಿತ್ತು, ನಾವು ಅವಸರಪಟ್ಟು ಹಿಗ್ಗುವುದು ಬೇಡ. ಕ್ಲೆಮೆಂಟನ ಬರಹದಲ್ಲಿ ಬುದ್ಧನ ಹೆಸರಿರುವುದಂತೂ ನಿಜ.

ಗ್ರೀಕ್ ವಿಚಾರ ಎಷ್ಟು ಆಳಕ್ಕಿಳಿಯಿತು ಎಂಬುದು ತಿಳಿಯುವುದು ಸಂತ ಅಗಸ್ಟೀನನಲ್ಲಿ. ದೇವರು ಒಳ್ಳೆಯವನಾದರೆ ಕೆಡುಕು ಎಲ್ಲಿಂದ ಬಂತು? ಅವನನ್ನು ಕಾಡಿದ ಪ್ರಶ್ನೆ ಇದು. ಸುಮಾರು 9 ವರ್ಷ ಅವನಿದ್ದ ಮಾನಿಕೀಯ ಪಂಥದ ಪ್ರಕಾರ ಕೆಡುಕು ಬೆಳಕಿಗೆ ಎದುರಾಗಿ ನಿಂತ ಸ್ವತಂತ್ರ ಶಕ್ತಿ. 386ರ ಹೊತ್ತಿಗೆ ಮಿಲಾನ್‌ನಲ್ಲಿ ಪ್ಲೇಟೋ ಪಂಥದ ಕೆಲವು ಪುಸ್ತಕಗಳು ಲ್ಯಾಟಿನ್‌ನಲ್ಲಿ ಅವನ ಕೈಗೆ ಬಂದವು. ಆ ಪಂಥದ ತತ್ತ್ವಜ್ಞಾನಿ ಪ್ಲಾಟಿನಸ್‌ನ ಬರಹವೂ ಅವುಗಳಲ್ಲಿತ್ತೆಂದು ವಿದ್ವಾಂಸರ ಊಹೆ. ಕೆಡುಕಿಗೆ ಸ್ವಂತ ಇರವಿಲ್ಲ. ರೋಗವೆಂದರೆ ಆರೋಗ್ಯದ ಕೊರತೆಯಾಗಿರುವಂತೆ ಅದು ಒಳಿತಿನ ಕೊರತೆ ಎಂಬುದು ಅವನಿಗೆ ನಿಚ್ಚಳವಾಯಿತು. ದೇವರನ್ನು ಎಲ್ಲೆಡೆ ಹರಡಿದ ಸೂಕ್ಷ್ಮ ವಸ್ತುವೆಂದು ಎಣಿಸುತ್ತಿದ್ದ ಕಷ್ಟವೂ ತಪ್ಪಿತು. ಮರುವರ್ಷ ದೀಕ್ಷಾಸ್ನಾನ. ದೇವರು ಮನುಷ್ಯನಾಗಿ ಬಂದ ಸುದ್ದಿ ಮಾತ್ರ ಆ ಪುಸ್ತಕಗಳಲ್ಲಿರಲಿಲ್ಲ ಎಂದು ‘ಕನ್ಫೆಷನ್ಸ್’ನಲ್ಲಿ ಒತ್ತಿ ಹೇಳುತ್ತಾನೆ.

529ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಅಥೆನ್ಸಿನ ತತ್ತ್ವಶಾಸ್ತ್ರ ಪಾಠಗಳನ್ನು ನಿಲ್ಲಿಸಿದ. ಅಷ್ಟರಲ್ಲಾಗಲೇ, ಅಪೊಸ್ತಲ ಪೌಲನ ಅಥೆನ್ಸ್ ಶಿಷ್ಯ ಡಯೊನಿಸಿಯಸ್‌ನ ಹೆಸರು ಹೊತ್ತ ಗ್ರಂಥಗಳು ಪೂರ್ವದ ಕ್ರೈಸ್ತ ಸಭೆಗಳಲ್ಲಿ ಓಡಾಡತೊಡಗಿದ್ದವು. ಅವುಗಳ ತುಂಬ ಅಥೆನ್ಸ್ ಶಾಲೆಯ ಮುಖ್ಯಸ್ಥನಾಗಿದ್ದ ಪ್ರೋಕ್ಲಸ್‌ನ ವಿಚಾರಗಳು. ಅಪೊಸ್ತಲರ ಕಾಲದವೆಂದೇ ನಂಬಿ 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅವುಗಳಲ್ಲೊಂದಕ್ಕೆ ಭಾಷ್ಯ ಬರೆದ. ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅವುಗಳ ಬಗ್ಗೆ ಅನುಮಾನ ಎತ್ತಿದ್ದು 15ನೇ ಶತಮಾನದಲ್ಲಿ.