ಹಳೆಯ ಕಾರಿನ ಹೊಗೆಗೆ ಮೂರು ಬಾಗಿಲು

ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದವರು ಬಣ್ಣ ನೋಡುತ್ತಾರೆ, ದೀಪ ನೋಡುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾಲೀಕರು ಬಾನೆಟ್ ಎತ್ತಿದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಒಳಗಿರುವ ಡಬ್ಬಿ, ಕೊಳವೆ, ಬೆಲ್ಟುಗಳಲ್ಲಿ ಯಾವುದು ಏನೆಂದು ಹೇಳಬಲ್ಲವರು ಕಡಿಮೆ. ಈ ವಾರ ಅಜ್ಜ, ಅಜ್ಜಿ, ಮೊಮ್ಮಕ್ಕಳು ಜೊತೆಯಾಗಿ ಅಂಥದೊಂದು ಬಾನೆಟ್ಟಿನೊಳಗೆ ಇಣುಕಿ ನೋಡೋಣ. ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಆದರೆ ಜಮಾ ಖರ್ಚು ತಾಳೆ ನೋಡುವ ಅಭ್ಯಾಸ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಟ್ಯಾಂಕಿಗೆ ಹಾಕಿದ ಪೆಟ್ರೋಲು ಯಾವ ಯಾವ ದಾರಿಯಿಂದ ಹೊರಗೆ ಹೋಗುತ್ತದೆ ಎಂದು ಲೆಕ್ಕ ಹಿಡಿದರೆ ಸಾಕು, ಭಾಗಗಳ ಗುರುತು ಸಿಗುತ್ತದೆ.

ನಾವು ನೋಡುವ ಕಾರು ಎಂಜಿಬಿ. ಇಂಗ್ಲೆಂಡಿನ ಆಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎರಡು ಬಾಗಿಲಿನ ಪುಟ್ಟ ಕಾರು ಅದು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು, ಬಹುಪಾಲು ಅಮೆರಿಕಕ್ಕೆ ಹೋದವು. ಅದರ 1798 ಸಿಸಿ ಎಂಜಿನ್ 'ಬಿ ಸೀರೀಸ್' ಎಂಬ ವಂಶದ್ದು. ನಮ್ಮ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಅದೇ ವಂಶದ್ದು. ಒಂದು ರೀತಿಯಲ್ಲಿ ದಾಯಾದಿಗಳು! ಆದರೂ ಹಳೆಯ ಅಂಬಾಸಡರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸುವಷ್ಟು ಜಾಗ ಇರುತ್ತದೆ. 1970ರ ದಶಕದಲ್ಲಿ ಅಮೆರಿಕಕ್ಕೆ ಹೋದ ಎಂಜಿಬಿಯಲ್ಲಿ ಕೊಳವೆಗಳ ಕಾಡೇ ಇರುತ್ತದೆ. ಈ ವ್ಯತ್ಯಾಸ ಏಕೆ?

ಉತ್ತರ ಲಾಸ್ ಏಂಜಲೀಸ್ ನಗರದಲ್ಲಿದೆ. 1943ರ ಜುಲೈ ತಿಂಗಳಲ್ಲಿ ಆ ಊರಿನ ಮೇಲೆ ದಟ್ಟ ಹೊಗೆಮಂಜು ಕವಿಯಿತು. ಕಣ್ಣು ಉರಿ, ಗಂಟಲು ಕೆರೆತ. ಯುದ್ಧದ ಕಾಲ ಬೇರೆ, ಶತ್ರುಗಳು ವಿಷಗಾಳಿ ಬಿಟ್ಟರೇನೋ ಎಂದು ಜನ ಹೆದರಿದರು. ಕಾರಣ ಹುಡುಕಿದವರು ಏರಿ ಹಾಗನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ. ಅನಾನಸ್ ಹಣ್ಣಿಗೆ ಆ ಪರಿಮಳ ಎಲ್ಲಿಂದ ಬರುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದವರು ಅವರು! ಕಾರುಗಳಿಂದ ಹೊರಬರುವ ಪೆಟ್ರೋಲ್ ಆವಿ ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಈ ಹೊಗೆಮಂಜಾಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಕಾನೂನುಗಳು ಬಂದವು. ಒಂದೊಂದು ಕಾನೂನಿಗೂ ಬಾನೆಟ್ಟಿನ ಕೆಳಗೆ ಒಂದೊಂದು ಭಾಗ ಸೇರಿಕೊಂಡಿತು.

ಕಾರಿನ ಮಲಿನ ಗಾಳಿ ಹೊರಬೀಳುವುದಕ್ಕೆ ಮೂರು ಬಾಗಿಲುಗಳಿವೆ.

ಮೊದಲ ಬಾಗಿಲು: ಎಂಜಿನ್ನಿನ ಹೊಟ್ಟೆ. ಪಿಸ್ಟನ್ ರಿಂಗುಗಳ ಸಂದಿಯಿಂದ ಸ್ವಲ್ಪ ಹೊಗೆ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಹಿಂದೆ ಒಂದು ಕೊಳವೆಯ ಮೂಲಕ ಅದನ್ನು ರಸ್ತೆಗೇ ಬಿಡುತ್ತಿದ್ದರು. ಅದನ್ನು ವಾಪಸ್ ಎಂಜಿನ್ನಿಗೇ ಕುಡಿಸಿ ಸುಡಿಸುವ ಏರ್ಪಾಟು ಪಿಸಿವಿ. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್‌ನಿಂದಲೇ ಇದು ಬಂತು. ಎಂಜಿಬಿಯಲ್ಲಿ ಗುರುತು ಹೀಗೆ: 1960ರ ದಶಕದ ನಡುವಿನ ಕಾರಾದರೆ ಅಣಬೆಯಂಥ ದುಂಡು ವಾಲ್ವ್ ಕಾಣುತ್ತದೆ. ನಂತರದ್ದಾದರೆ ಎಂಜಿನ್ನಿನ ಬದಿಯಿಂದ ಹೊರಟ ದಪ್ಪ ರಬ್ಬರ್ ಕೊಳವೆ ನೇರವಾಗಿ ಕಾರ್ಬುರೇಟರಿಗೆ ಹೋಗಿರುತ್ತದೆ.

ಎರಡನೆಯ ಬಾಗಿಲು: ಪೆಟ್ರೋಲ್ ಟ್ಯಾಂಕ್. ಕಾರು ಸುಮ್ಮನೆ ನಿಂತಿದ್ದರೂ ಬಿಸಿಲಿಗೆ ಪೆಟ್ರೋಲು ಆವಿಯಾಗುತ್ತದೆ. 1970ರ ಸುಮಾರಿಗೆ ಇದನ್ನು ಹಿಡಿದಿಡಲು ಒಂದು ಕಪ್ಪು ಡಬ್ಬಿ ಬಂತು. ಅಜ್ಜಿಯರು ಅದನ್ನು ನೋಡಿದರೆ ಕಾಫಿಪುಡಿ ಡಬ್ಬಿ ಎಂದುಕೊಂಡಾರು. ಒಳಗಿರುವುದು ವಿಶೇಷವಾಗಿ ಹದಗೊಳಿಸಿದ ಇದ್ದಿಲು. ಅಂಥ ಇದ್ದಿಲನ್ನು ತೆಂಗಿನ ಕರಟದಿಂದಲೂ ಮಾಡುತ್ತಾರೆ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಗ್ರಾಂ ಇದ್ದಿಲಿನ ರಂಧ್ರಗಳ ಒಳಮೈಯನ್ನು ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಕಾರು ನಿಂತಾಗ ಆವಿ ಇಲ್ಲಿ ಠೇವಣಿಯಾಗುತ್ತದೆ, ಎಂಜಿನ್ ಓಡುವಾಗ ಡ್ರಾ ಆಗಿ ಸುಟ್ಟುಹೋಗುತ್ತದೆ. ಮೇಲ್ಭಾಗದಲ್ಲಿ ಹಲವು ಸಣ್ಣ ಕೊಳವೆಗಳು ಸೇರುವ ಕಪ್ಪು ಡಬ್ಬಿ ಕಂಡರೆ ಅದೇ ಇದು.

ಮೂರನೆಯ ಬಾಗಿಲು: ಸೈಲೆನ್ಸರ್ ಕೊಳವೆ. ಇದೇ ದೊಡ್ಡ ಬಾಗಿಲು, ಇಲ್ಲಿ ಕಾವಲುಗಾರರೂ ಹೆಚ್ಚು. ಅಮೆರಿಕದ ಎಂಜಿಬಿಗೆ 1968ರ ಮಾಡೆಲ್‌ನಿಂದ ಏರ್ ಪಂಪ್ ಬಂತು. ಎಂಜಿನ್ನಿನ ಮುಂಭಾಗದಲ್ಲಿ ಬೆಲ್ಟಿನಿಂದ ತಿರುಗುವ ಇದು ನೋಡಲು ಡೈನಮೊ ಥರ. ಆದರೆ ಡೈನಮೊಗೆ ವೈರು ಇರುತ್ತದೆ, ಇದಕ್ಕೆ ಇರುವುದು ಗಾಳಿ ಕೊಳವೆ. ಆ ಕೊಳವೆ ನಾಲ್ಕು ಕವಲಾಗಿ, ಬಿಸಿ ಹೊಗೆ ಹೊರಬರುವ ಜಾಗಕ್ಕೆ ತಾಜಾ ಗಾಳಿ ಊದುತ್ತದೆ. ಸುಡದೆ ಉಳಿದ ಪೆಟ್ರೋಲು ಅಲ್ಲೇ ಸುಟ್ಟುಹೋಗುತ್ತದೆ.

ಪಂಪಿನ ಸಂಗಾತಿ 'ಗಲ್ಪ್ ವಾಲ್ವ್'. ಹೆಸರಿನ ಅರ್ಥ ಗುಟುಕು. ಓಡುತ್ತಿರುವಾಗ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ, ಹೊಗೆ ಕೊಳವೆಯಲ್ಲಿ ಢಂ ಎಂದು ಸಿಡಿಯಬಹುದು. ಆಗ ಈ ವಾಲ್ವ್ ಎಂಜಿನ್ನಿಗೆ ಒಂದು ಗುಟುಕು ಗಾಳಿ ಕುಡಿಸುತ್ತದೆ. ದಪ್ಪ ಕೊಳವೆಗಳ ಜೊತೆ ತೆಳು ಕೊಳವೆಯೂ ಸೇರುವ ದುಂಡು ಭಾಗ ಇದು. ಕೆಲವು ವರ್ಷಗಳ ನಂತರ ಬಂದದ್ದು ಇಜಿಆರ್ ವಾಲ್ವ್. ಇದು ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಬೆರೆಸಿ ಉರಿಯ ಶಾಖ ತಗ್ಗಿಸುತ್ತದೆ. ಶಾಖ ತಗ್ಗಿದರೆ ಸಾರಜನಕದ ಆಕ್ಸೈಡುಗಳೂ ತಗ್ಗುತ್ತವೆ.

ಕೊನೆಯ ಕಾವಲುಗಾರ ಕ್ಯಾಟಲಿಟಿಕ್ ಕನ್ವರ್ಟರ್. ಅಮೆರಿಕದ ಹೆಚ್ಚಿನ ಹೊಸ ಕಾರುಗಳಿಗೆ ಇದು ಬಂದದ್ದು 1975ರ ಮಾಡೆಲ್‌ನಿಂದ. ಜೇನುಗೂಡಿನಂಥ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ ಲೇಪ. ಪೆಟ್ರೋಲಿನಲ್ಲಿ ಸೀಸ ಇದ್ದರೆ ಈ ಲೇಪ ಕೆಡುತ್ತದೆ. ಅದಕ್ಕೇ ಅಂಥ ಕಾರುಗಳ ಟ್ಯಾಂಕಿನ ಬಾಯಿ ಕಿರಿದು, ಸೀಸದ ಪೆಟ್ರೋಲಿನ ದಪ್ಪ ನಳಿಕೆ ಒಳಗೆ ಹೋಗುವುದೇ ಇಲ್ಲ. ನಮ್ಮಲ್ಲಿ 1995ರ ಏಪ್ರಿಲ್‌ನಿಂದ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲು 2000ದಲ್ಲಿ ದೇಶಕ್ಕೆಲ್ಲ ಬಂತು.

ಇಷ್ಟೆಲ್ಲ ಗುರುತು ಹಿಡಿಯುವುದರಿಂದ ಪ್ರಯೋಜನವೇನು? ಅನೇಕ ಮಾಲೀಕರು ಈ ಭಾಗಗಳನ್ನು ಎಂಜಿನ್ನಿಗೆ ಹೊರೆ ಎಂದು ಕಳಚಿ ಗುಜರಿಗೆ ಹಾಕಿದರು. ಕಳಚಿದವರು ಕೊಳವೆಯ ಬಾಯಿ ಸರಿಯಾಗಿ ಮುಚ್ಚದಿದ್ದರೆ ಬೇಡದ ಗಾಳಿ ಒಳಗೆ ಹೋಗಿ ಎಂಜಿನ್ ನಡುಗುತ್ತದೆ. ಮುಚ್ಚಬಾರದ ಮೊದಲ ಬಾಗಿಲನ್ನು ಮುಚ್ಚಿದರೆ ಒಳಗಿನ ಒತ್ತಡಕ್ಕೆ ಆಯಿಲ್ ಸೋರುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಇಂದಿಗೂ ಹೊಗೆ ತಪಾಸಣೆ ಇದೆ. ಅಲ್ಲಿ ಹೊಗೆ ಅಳೆಯುವುದರ ಜೊತೆಗೆ ಮೂಲ ಭಾಗಗಳು ಇವೆಯೇ ಎಂದು ಕಣ್ಣಾರೆ ನೋಡುತ್ತಾರೆ. ಒಂದು ಕಾಣೆಯಾಗಿದ್ದರೂ ಕಾರು ನಪಾಸು. ಹಾಗಾಗಿ ಅಂದು ಗುಜರಿಗೆ ಹಾಕಿದ್ದನ್ನೇ ಇಂದು ಹುಡುಕಿಕೊಂಡು ಅಲೆಯಬೇಕು. ಕಳಚಿದ ಕಾರಿನಲ್ಲೂ ಕುರುಹು ಉಳಿಯುತ್ತದೆ. ಎಂಜಿನ್ನಿನ ತಲೆಯ ಬದಿಯಲ್ಲಿ ಸಾಲಾಗಿ ನಾಲ್ಕು ಬೋಲ್ಟು ತಿರುಪಿದ್ದರೆ, ಅಲ್ಲಿ ಒಮ್ಮೆ ಏರ್ ಪಂಪಿನ ಕವಲುಗಳಿದ್ದವು ಎಂದೇ ತಿಳಿಯಬೇಕು.

ಮಕ್ಕಳೇ, ಹಳೆಯ ಕಾರಿನ ಭಾಗ ಗುರುತಿಸಲು ಹೆಸರುಗಳ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಎಂಜಿನ್ ಆರಿಸಿ ತಣ್ಣಗಾಗಿರಬೇಕು, ದೊಡ್ಡವರೊಬ್ಬರು ಜೊತೆಗಿರಬೇಕು. ಒಂದು ಕೊಳವೆಯನ್ನು ಆರಿಸಿಕೊಳ್ಳಿ. ಅದು ಎಲ್ಲಿ ಹುಟ್ಟಿತು, ಎಲ್ಲಿ ಸೇರಿತು ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ಬಿಚ್ಚಲೇಬೇಕಾದರೆ ಎರಡೂ ತುದಿಗೆ ಚೀಟಿ ಕಟ್ಟುವುದು ದೊಡ್ಡವರ ಕೆಲಸ. ಎರಡು ತುದಿ ಗೊತ್ತಾದರೆ ನಡುವಿನ ಡಬ್ಬಿಯ ಕೆಲಸ ಗೊತ್ತಾಗುತ್ತದೆ.

ನಿಮ್ಮ ಮನೆ ಮುಂದೆ ನಿಂತಿರುವ ಹೊಸ ಪೆಟ್ರೋಲ್ ಕಾರಿನಲ್ಲೂ ಇದ್ದಿಲ ಡಬ್ಬಿ ಇದೆ, ಪಿಸಿವಿ ಇದೆ, ಕನ್ವರ್ಟರ್ ಇದೆ. ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಕಾರಿನ ತಳದಲ್ಲಿ ಅಡಗಿರುವುದರಿಂದ ಕಾಣುವುದಿಲ್ಲ, ಅಷ್ಟೇ. ಮುಂದಿನ ಬಾರಿ ಎಮಿಷನ್ ಟೆಸ್ಟ್‌ಗೆ ಹೋದಾಗ ಅಜ್ಜನ ಜೊತೆ ನೀವೂ ಹೋಗಿ. ಅವರು ಕೊಡುವ ಚೀಟಿಯಲ್ಲಿರುವ ಅಂಕಿಗಳು ಈ ಮೂರನೆಯ ಬಾಗಿಲಿನ ಲೆಕ್ಕ. ಉಳಿದೆರಡು ಬಾಗಿಲು ಎಲ್ಲಿವೆ ಎಂದು ಅಜ್ಜನಿಗೆ ತೋರಿಸಿಕೊಡುವ ಕೆಲಸ ನಿಮ್ಮದು.